ಹಗ್ಗ ದಾಟದವನ ಪರೀಕ್ಷೆ

ಮನುಷ್ಯನ ಗುಣವನ್ನು ಮೂರು ದಿನದಲ್ಲಿ ಅಳೆದುಬಿಡಬಹುದು ಎಂದು ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ ನನಗೆ ಗೊತ್ತಿಲ್ಲ. ಅವನು ನನ್ನ ಕೈಗೆ ಸಿಕ್ಕಿದ್ದರೆ ಮನೆಗೆ ಕರೆತಂದು, ಊಟ ಹಾಕಿ, ನಡುಮನೆಯಲ್ಲಿ ಕೂರಿಸಿ, ಇಲ್ಲಿ ಯಾರ ಗುಣ ಎಂಥದ್ದು ಹೇಳಪ್ಪ ನೋಡೋಣ ಎನ್ನುತ್ತಿದ್ದೆ. ನನ್ನ ಗಂಡನ ಜೊತೆ ಒಂದು ಆಯುಷ್ಯವೇ ಬಾಳಿದ್ದೇನೆ. ನಾಳೆ ಬೆಳಿಗ್ಗೆ ಅವರು ಯಾವ ಮಾತಿಗೆ ನಗುತ್ತಾರೆ, ಯಾವ ಮಾತಿಗೆ ತಟ್ಟೆ ಬಿಟ್ಟು ಏಳುತ್ತಾರೆ ಎಂದು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.

ಈ ಸಿಟ್ಟು ಹಳೆಯದು, ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳದ್ದು. ನನ್ನ ಮಕ್ಕಳಿಗೆ ಕೇಳಿ ಕೇಳಿ ಸಾಕಾಗಿದೆ. ನಾನು ಬಾಯಿ ತೆರೆದರೆ ಸಾಕು, ಒಬ್ಬೊಬ್ಬರೇ ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಆಗ ನಾವು ಅರಸೀಕೆರೆಯಲ್ಲಿದ್ದೆವು. ನಮ್ಮವರದು ಕೊಬ್ಬರಿ ಮಂಡಿ. ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ, ದಂಡಿನ ರೈಲು ಬಂದರೆ ಅಡುಗೆಮನೆಯ ಲೋಟಗಳೆಲ್ಲ ಗಲಗಲ ಎನ್ನುತ್ತಿದ್ದವು. ನನ್ನ ತವರು ಹುಲಿಕೆರೆಯ ಪಕ್ಕದ ಹಳ್ಳಿ. ರಾಗಿ ಹೊಲ, ತೆಂಗು, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ನಮ್ಮ ತಾಯಿ ಹೋದಾಗ ನನ್ನ ತಮ್ಮ ಇನ್ನೂ ಅವಳ ಸೆರಗು ಹಿಡಿದು ಓಡಾಡುವ ಕೂಸು. ಗಂಡ ಸತ್ತು ತವರಿಗೆ ಬಂದಿದ್ದ ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮಿಬ್ಬರನ್ನೂ ಸಾಕಿದಳು. ಅಪ್ಪನೂ ಹೋದ ಮೇಲೆ ಮನೆಯ ಯಜಮಾನಿಕೆಯೆಲ್ಲ ಅವಳದೇ.

ಸೋದರತ್ತೆಗೆ ಸಾವಿರ ಕಟ್ಟುಪಾಡು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ದುಡಿಯುವ ಸಾಮಾನನ್ನು ದಾಟಬಾರದು ಎನ್ನುವುದು. ನೊಗ, ಹಗ್ಗ, ಮೊರ, ಒನಕೆ, ಯಾವುದೇ ಆಗಲಿ, ಕಾಲಿಗೆ ಅಡ್ಡ ಬಂದರೆ ಬಗ್ಗಿ ಎತ್ತಿ ಪಕ್ಕಕ್ಕಿಡಬೇಕು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಮಗೆ ಅನ್ನ ಕೊಡುವುದು ಅದು, ಅದರ ಮೇಲೆ ಕಾಲು ಹಾಕುವವನಿಗೆ ನಾಳೆ ಅನ್ನವೂ ಸಸಾರ, ಅನ್ನ ಇಕ್ಕಿದವರೂ ಸಸಾರ ಎನ್ನುತ್ತಿದ್ದಳು. ತಮ್ಮ ಚಿಕ್ಕವನಾಗಿದ್ದಾಗ ಕಣದಲ್ಲಿ ಎತ್ತಿನ ಹಗ್ಗ ಹಾರಿಕೊಂಡು ಓಡಿದ್ದಕ್ಕೆ ಅವನ ರಟ್ಟೆ ಹಿಡಿದು ತಂದು, ಬಂದ ದಾರಿಯಲ್ಲೇ ಹಿಂದಕ್ಕೆ ದಾಟಿಸಿ, ಹಗ್ಗಕ್ಕೆ ಕೈ ಮುಗಿಸಿ, ಆಮೇಲೆ ಬೆನ್ನಿಗೆ ಎರಡು ಬಿಟ್ಟಿದ್ದಳು. ಅವನು ಮತ್ತೆ ಜನ್ಮದಲ್ಲಿ ಹಗ್ಗ ದಾಟಲಿಲ್ಲ.

ತಮ್ಮ ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ. ಕೆಲಸವಿಲ್ಲ. ನನ್ನ ಮನೆಯಲ್ಲಿದ್ದುಕೊಂಡು ಸಂಜೆ ಸ್ಟೇಷನ್ನಿಗೆ ಹೋಗಿ ದಂಡಿನ ರೈಲು ನೋಡುತ್ತ ನಿಲ್ಲುತ್ತಿದ್ದವನು, ಒಂದು ದಿನ ಬಂದು ತಾನು ಆಫೀಸರಾಗುತ್ತೇನೆ ಎಂದ. ಆಗ ಪದವೀಧರ ಹುಡುಗರನ್ನು ಆರಿಸಿ, ತರಬೇತಿ ಕೊಟ್ಟು, ಆಫೀಸರ್ ಮಾಡುತ್ತಿದ್ದರು. ನಮ್ಮವರಿಗೆ ಮೈಯೆಲ್ಲ ಉರಿಯಿತು.

"ಅಲ್ಲ ಕಣಯ್ಯ, ಒಂದ್ ಕಡೆ ಜನ ಜೈಲಿಗೆ ಹೋಗ್ತವ್ರೆ. ನೀನು ಬಿಳೀ ಜನದ ದಂಡಿಗೆ ಸೇರ್ತೀನಿ ಅಂತೀಯಲ್ಲ!" ಎಂದರು.

"ನಾಳೆ ದೇಶ ನಮ್ದಾದ್ರೆ ದಂಡೂ ನಮ್ದೇ ಆಗ್ತದಲ್ಲ ಭಾವ. ಅವತ್ತು ಅದನ್ನ ನಡೆಸೋಕೆ ಜನ ಬೇಡ್ವ?" ಎಂದ ತಮ್ಮ. ನಮ್ಮವರು ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು ಮಂಡಿಗೆ ಹೋದರು. ನನಗೆ ಮಾತ್ರ ಹೆಮ್ಮೆಯಾಯಿತು. ಇವನು ನೂರು ಜನರನ್ನು ನಡೆಸಬಲ್ಲ ಎಂದು ನನಗೆ ಅನುಮಾನವೇ ಇರಲಿಲ್ಲ. ಕೆರೆ ಏರಿ ಬಿರುಕು ಬಿಟ್ಟ ವರ್ಷ ಊರ ಗಂಡಸರೆಲ್ಲ ಯಾರು ಮೊದಲು ಇಳಿಯಬೇಕೆಂದು ಜಗಳವಾಡುತ್ತ ನಿಂತಿದ್ದಾಗ, ಇನ್ನೂ ಹೈಸ್ಕೂಲಿನಲ್ಲಿದ್ದ ಇವನು ಮಣ್ಣಿನ ಮಂಕರಿ ಹೊತ್ತು ಇಳಿದಿದ್ದ. ಇಡೀ ಊರು ಅವನ ಹಿಂದೆ ಇಳಿದಿತ್ತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಮೂರು ದಿನದ ಆಯ್ಕೆ ಪರೀಕ್ಷೆ. ಹೊಸ ಪ್ಯಾಂಟು ಹೊಲಿಸಿಕೊಟ್ಟು, ಚಕ್ಕುಲಿ ಕಟ್ಟಿಕೊಟ್ಟು ರೈಲು ಹತ್ತಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಅವನು ವಾಪಸು ಬಂದು, ಬೂಟು ಬಿಚ್ಚದೆ ಜಗಲಿಯ ಮೇಲೆ ಕೂತ. ಚಕ್ಕುಲಿ ಹಾಗೇ ಇತ್ತು.

"ಏನಾಯ್ತೋ?" ಎಂದೆ.

"ಬೇಡ ಅಂದ್ರು ಅಕ್ಕಾ."

"ಏನ್ ಕೇಳಿದ್ರು? ನಿಂಗೆ ಉತ್ತರ ಬರ್ಲಿಲ್ವ?"

"ಕೇಳಿದ್ರೆ ತಾನೆ ಉತ್ತರ ಬರೋದು, ಬಿಡೋದು? ನೋಡ್ತಾ ಇದ್ರು ಅಷ್ಟೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಅವನು ಹೇಳಿ ಮುಗಿಸುವ ಹೊತ್ತಿಗೆ ವಾರ ಕಳೆಯಿತು. ಪ್ರತಿ ದಿನವೂ ಒಂದೊಂದು ತುಣುಕು ಹೊರಗೆ ಬರುತ್ತಿತ್ತು. ಓದು, ಲೆಕ್ಕ, ಚರಿತ್ರೆಗಳನ್ನು ಅಲ್ಲಿ ಯಾರೂ ದೊಡ್ಡದು ಮಾಡಲಿಲ್ಲವಂತೆ. ಅವರಿಗೆ ಬೇಕಾಗಿದ್ದದ್ದು ಗುಣವಂತೆ. ಸಂತೆಯ ಎತ್ತಿಗೆ ಗುರುತು ಹಾಕಿದ ಹಾಗೆ ಎಲ್ಲರ ಎದೆಗೂ ಬೆನ್ನಿಗೂ ನಂಬರಿನ ಬಟ್ಟೆ ಕಟ್ಟಿದ್ದರು. ಉಣ್ಣುವಾಗ ನೋಡುತ್ತಿದ್ದರು, ನಡೆಯುವಾಗ ನೋಡುತ್ತಿದ್ದರು, ನಾಲ್ಕು ಜನ ಸೇರಿ ನಕ್ಕರೆ ಯಾರು ಮೊದಲು ನಕ್ಕರು ಎಂದು ನೋಡುತ್ತಿದ್ದರು.

ಒಂದು ಕೋಣೆಯಲ್ಲಿ ಕೂರಿಸಿ ಒಂದೊಂದೇ ಇಂಗ್ಲಿಷ್ ಪದ ತೋರಿಸಿದರಂತೆ. ನೋಡಿದ ತಕ್ಷಣ ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಬರೆಯುವಷ್ಟರಲ್ಲಿ ಇನ್ನೊಂದು ಪದ. ನನ್ನ ತಮ್ಮನ ಮನಸ್ಸಿಗೆ ಬರುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುವ ಹೊತ್ತಿಗೆ ಮುಂದಿನ ಪದವೂ ಹೋಗಿರುತ್ತಿತ್ತು. ನಡುವೆ 'ತಾಯಿ' ಎನ್ನುವ ಪದ ಬಂತು. ಅಲ್ಲಿ ಅವನ ಕೈ ನಿಂತುಹೋಯಿತು. ಮತ್ತೆ ಸುಧಾರಿಸಿಕೊಂಡು ತಲೆ ಎತ್ತಿದಾಗ ಎಷ್ಟು ಪದ ಹೋಗಿದ್ದವೋ ಅವನಿಗೇ ಗೊತ್ತಿಲ್ಲ.

ಆಮೇಲೆ ಮಸುಕು ಮಸುಕಾದ ಒಂದು ಚಿತ್ರ. ಅದಕ್ಕೆ ಕಥೆ ಕಟ್ಟಬೇಕು. ಬಾಗಿಲ ಬಳಿ ಒಬ್ಬ ಹೆಂಗಸು, ಒಳಗೆ ಮಂಚದ ಮೇಲೆ ಯಾರೋ. ಪಕ್ಕದ ಹುಡುಗ, ಗಾಯಗೊಂಡ ವೀರ ಗುಣವಾಗಿ ಮತ್ತೆ ಯುದ್ಧಕ್ಕೆ ಹೋದ ಎಂದು ಬರೆದನಂತೆ. ನನ್ನ ತಮ್ಮ, ಮಂಚದ ಮೇಲಿದ್ದವಳು ಸತ್ತಳು, ಬಾಗಿಲಲ್ಲಿ ನಿಂತವಳು ಮಕ್ಕಳನ್ನು ಸಾಕಿದಳು ಎಂದು ಬರೆದ. ಅದನ್ನು ನನಗೆ ಹೇಳುವಾಗ ತಪ್ಪು ಮಾಡಿದವನಂತೆ ಮುಖ ತಗ್ಗಿಸಿದ್ದ. ನನಗೆ ಎಂಥ ಸಂಕಟವಾಯಿತೆಂದರೆ, ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ತಾಯಿ ಸತ್ತ ಹುಡುಗ ತಾಯಿ ಸತ್ತ ಕಥೆ ಬರೆದರೆ ಅದರಲ್ಲಿ ಇವರು ಏನು ಕಂಡುಹಿಡಿದರು? ಪುಕ್ಕಲನೆಂದೇ? ಆ ಸಾವನ್ನು ಕಂಡು, ನುಂಗಿಕೊಂಡು, ಓದಿ, ಬಿ.ಎ. ಮಾಡಿ ಇವರ ಮುಂದೆ ಬಂದು ಕೂತಿದ್ದಾನಲ್ಲ, ಅದು ಯಾವ ಗುಣ? ಅದಕ್ಕೆ ಅವರ ಹತ್ತಿರ ಚಿತ್ರವಿರಲಿಲ್ಲ.

ಆದರೆ ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಅದಲ್ಲ, ಹಗ್ಗ. ಕೊನೆಯ ದಿನ ಬಯಲಿನಲ್ಲಿ ಏಳೆಂಟು ಜನಕ್ಕೆ ಮರದ ದಿಮ್ಮಿ, ಹಲಗೆ, ಹಗ್ಗ ಕೊಟ್ಟು, ಇಲ್ಲಿಂದ ಅಲ್ಲಿಯವರೆಗೆ ಹೊಳೆ ಎಂದುಕೊಳ್ಳಿ, ದಿಮ್ಮಿಯನ್ನು ಆಚೆ ದಡಕ್ಕೆ ಸಾಗಿಸಿ ಎಂದರಂತೆ. ನಾಯಕ ಯಾರೆಂದು ಹೇಳಲಿಲ್ಲ. ಒಂದಿಬ್ಬರು ದೊಡ್ಡ ಗಂಟಲಿನಲ್ಲಿ ಅಪ್ಪಣೆ ಕೊಡುತ್ತ ಓಡಿದರು, ಉಳಿದವರು ಹಿಂದೆ ಓಡಿದರು. ದಾರಿಗೆ ಅಡ್ಡವಾಗಿ ಹಗ್ಗ ಬಿದ್ದಿತ್ತು. ಎಲ್ಲರೂ ಹಾರಿದರು. ನನ್ನ ತಮ್ಮ ನಿಂತ. ಬಗ್ಗಿ ಹಗ್ಗವನ್ನು ಎತ್ತಿ, ಸುತ್ತಿ, ಪಕ್ಕಕ್ಕಿಟ್ಟು, ಆಮೇಲೆ ಹೋಗಿ ದಿಮ್ಮಿಗೆ ಹೆಗಲು ಕೊಟ್ಟ. ದಿಮ್ಮಿಯ ಭಾರದ ತುದಿ ಅವನ ಹೆಗಲ ಮೇಲೇ ದಾಟಿತು.

"ನಾನು ಹಗ್ಗಕ್ಕೆ ಬಗ್ಗಿದಾಗ ದೂರದಲ್ಲಿ ನಿಂತಿದ್ದೋನ ಪೆನ್ಸಿಲ್ ಅಲ್ಲಾಡ್ತು ಅಕ್ಕಾ. ಬರ್ಕೊಂಡು ಬೇರೆ ಕಡೆ ತಿರುಗಿಬಿಟ್ಟ. ದಿಮ್ಮಿ ಹೊತ್ತಿದ್ದನ್ನ ಅವನು ನೋಡ್ಲೇ ಇಲ್ಲ."

ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆಯ್ಕೆಯಾದವರ ನಂಬರು ಓದಿದರು. ಉಳಿದವರ ಕೈಗೆ ರೈಲಿನ ಟಿಕೆಟ್ಟು. ಯಾಕೆ ಬೇಡವೆಂದು ಒಬ್ಬರೂ ಹೇಳಲಿಲ್ಲ, ಕೇಳಲು ಅವಕಾಶವೂ ಇರಲಿಲ್ಲ.

ಸುದ್ದಿ ತಿಳಿದು ಸೋದರತ್ತೆ ತೆಂಗಿನಕಾಯಿ ಚೀಲದ ಸಮೇತ ಅರಸೀಕೆರೆಗೆ ಬಂದಳು. ಹಗ್ಗದ ಕಥೆ ಕೇಳಿ ಅವಳು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು.

"ಒಂದೆಜ್ಜೆ ನೋಡಿ ಆಳಿನ ಬೆಲೆ ಕಟ್ಟಿದ್ರಾ? ಅವರ ಕಣ್ಣು ಇಂಗೋಗ! ಹಗ್ಗ ಯಾಕೆ ಎತ್ತಿಟ್ಟೆ ಕಣಪ್ಪ ಅಂತ ಒಂದ್ ಮಾತು ಕೇಳ್ಬಾರ್ದಾ? ಆಮ್ಯಾಕೆ ಏನ್ ಮಾಡ್ತಾನೆ ಅಂತ ವಸಿ ಕಾಯ್ಬಾರ್ದಾ? ಮೂರು ದಿನ ಅನ್ನ ಹಾಕಿ ಮನುಷ್ಯನ್ನ ಅಳೆಯೋಕೆ ಇವರೇನು ದೇವ್ರಾ?"

ನನ್ನ ಬಾಯಿಂದ ಬರಬೇಕಾದ ಮಾತೆಲ್ಲ ಅವಳ ಬಾಯಿಂದ ಬಂದಿತ್ತು. ಅವತ್ತು ಸೋದರತ್ತೆಯ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ.

ತಮ್ಮನಿಗೆ ಆಮೇಲೆ ರೇಷನ್ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಹಳೇಬೀಡು, ಬೇಲೂರು ಎಂದು ಓಡಾಡುತ್ತಿದ್ದ. ಅರಸೀಕೆರೆಗೆ ಬಂದಾಗಲೆಲ್ಲ ನನ್ನ ಜಗಲಿಯ ಮೇಲೆ ಕೂತು ಅದೇ ಪುರಾಣ. "ಬೇಡ ಅಂದದ್ದಕ್ಕೆ ನಂಗೆ ಬೇಜಾರಿಲ್ಲ ಅಕ್ಕಾ. ಯಾಕೆ ಬೇಡ ಅಂತ ಹೇಳ್ಬಹುದಿತ್ತು. ನನ್ನಲ್ಲಿ ಏನು ಕೊರತೆ ಅಂತ ನಂಗೇ ಗೊತ್ತಿಲ್ದಂಗೆ ಮಾಡಿ ಕಳಿಸಿಬಿಟ್ರಲ್ಲ." ನಾನು ಪ್ರತಿ ಸಲವೂ ಹೊಸದಾಗಿ ಸಿಟ್ಟಾಗುತ್ತಿದ್ದೆ. ಅವನಿಗೆ ಅದರಿಂದ ಸಮಾಧಾನವಾಗುತ್ತಿತ್ತು.

ಮಾರನೆಯ ಬೇಸಿಗೆಯ ಹೊತ್ತಿಗೆ ಅವನ ಪುರಾಣದಲ್ಲಿ ಬೇರೊಂದು ಅಧ್ಯಾಯ ಸೇರಿತು. ಬೇಲೂರಿನಲ್ಲಿ ಒಂದು ಮನೆ. ಯಜಮಾನರು ಬಿಕ್ಕೋಡಿನ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು. ಅವರ ಮಗಳು ಸಂಜೆ ಜಗಲಿಯ ಮೇಲೆ ಕೂತು ಬೀದಿಯ ಮುದುಕರಿಗೆ ಪತ್ರಿಕೆ ಓದಿ ಹೇಳುತ್ತಾಳೆ, ಯುದ್ಧದ ಸುದ್ದಿಯೆಲ್ಲ. ಇವನೂ ಕೆಲಸ ಮುಗಿಸಿ ಆ ಬೀದಿಯಲ್ಲಿ ನಿಂತು ಕೇಳುತ್ತಾನೆ.

"ಯುದ್ಧ ನಡೆಯೋ ಊರಿನ ಹೆಸರುಗಳು ಅವಳ ನಾಲಿಗೆಗೆ ತಿರುಗಲ್ಲ ಅಕ್ಕಾ. ತಪ್ಪಿದ್ರೆ ಜೋರಾಗಿ ನಗ್ತಾಳೆ. ನಕ್ಕು ಮತ್ತೆ ಮೊದಲಿಂದ ಓದ್ತಾಳೆ." ಅವನ ಮುಖದಲ್ಲಿ ಬೆಂಗಳೂರಿನಿಂದ ಬಂದ ಮೇಲೆ ಮೊದಲ ಸಲ ಬೆಳಕು ಕಂಡೆ. "ಹೆಂಗಾದ್ರೂ ಮಾಡಿ ಈ ಸಂಬಂಧ ಮಾಡಿಸು" ಎಂದ.

ನಮ್ಮ ಜನವೇ. ಜಾತಕ ಕೂಡಿತು. ಹುಡುಗಿ ನೋಡುವ ಶಾಸ್ತ್ರಕ್ಕೆ ಸೋದರತ್ತೆ, ತಮ್ಮ, ನಾನು ಹೊರಟೆವು.

ಹುಡುಗಿ ನೋಡುವುದೆಂದರೆ ಏನೆಂದು ಹೇಳಬೇಕು. ನನ್ನನ್ನು ನೋಡಲು ಬಂದಾಗ ನನ್ನ ಗಂಡನ ತಾಯಿ ಸಿಕ್ಕುಬಿದ್ದ ದಾರದ ಉಂಡೆಯೊಂದನ್ನು ನನ್ನ ಮಡಿಲಿಗೆ ಹಾಕಿ, ಬಿಡಿಸವ್ವ ಎಂದಿದ್ದರು. ಭಯಕ್ಕೆ ತಲೆ ಎತ್ತಲಾರದೆ ಕೂತಲ್ಲೇ ಕೂತು ಪೂರ್ತಿ ಬಿಡಿಸಿದೆ. ಬಲು ತಾಳ್ಮೆಯ ಹುಡುಗಿ ಎಂದು ಒಪ್ಪಿದರು. ಆಮೇಲೆ ನನ್ನ ತಾಳ್ಮೆ ಎಷ್ಟೆಂದು ಅವರನ್ನೇ ಕೇಳಬೇಕಿತ್ತು. ಪಾಪ, ಸಾಯುವವರೆಗೂ ಆ ದಾರವನ್ನು ಬೈದುಕೊಂಡರು. ಸೋದರತ್ತೆಯದು ದಾರವಲ್ಲ, ಒನಕೆ. ಹುಡುಗಿ ಬರುವ ದಾರಿಗೆ ಗೊತ್ತಾಗದಂತೆ ಒನಕೆಯನ್ನೋ ಮೊರವನ್ನೋ ಅಡ್ಡ ಹಾಕುವುದು. ಎತ್ತಿಟ್ಟು ಬಂದರೆ ಮನೆ ನಡೆಸುವವಳು, ದಾಟಿ ಬಂದರೆ ಮನೆ ಮುರಿಯುವವಳು. ದಾಯಾದಿಗಳ ಮನೆಯ ಸೊಸೆಯರನ್ನೆಲ್ಲ ಅವಳು ಹೀಗೆಯೇ ಆರಿಸಿಕೊಟ್ಟಿದ್ದಳು.

ಆಗ ಪೆಟ್ರೋಲು ಇರಲಿಲ್ಲ. ಹಿಂಬದಿಗೆ ಇದ್ದಿಲ ಒಲೆ ಕಟ್ಟಿಕೊಂಡು ಗ್ಯಾಸಿನಲ್ಲಿ ಓಡುವ ಬಸ್ಸು. ಬೇಲೂರಿನಲ್ಲಿ ಇಳಿಯುವಾಗ ನಮ್ಮ ಮುಖವೆಲ್ಲ ಮಸಿ. ಹೋದವರೇ ಮುಖ ತೊಳೆಯಲು ನಾನೂ ಸೋದರತ್ತೆಯೂ ಅವರ ಹಿತ್ತಲಿಗೆ ಹೋದೆವು. ನಾನು ಸೆರಗಿನಿಂದ ಮುಖ ಒರೆಸುತ್ತ ಒಳಗೆ ಬರುತ್ತೇನೆ, ಗಂಡಸರು ಜಗಲಿಯಲ್ಲಿ ಮಾತಾಡುತ್ತಿರುವಾಗಲೇ ಸೋದರತ್ತೆ ಮೂಲೆಯ ಒನಕೆಯನ್ನು ತಂದು ಅಡುಗೆಮನೆಯ ಹೊಸಿಲಿಗೆ ಅಡ್ಡ ಮಲಗಿಸಿ, ನಡುಮನೆಯ ಚಾಪೆಯ ಮೇಲೆ ಏನೂ ಅರಿಯದವಳಂತೆ ಕೂತಿದ್ದಾಳೆ. ತೆಗೆಯೋಣವೆಂದು ನಾನು ಮುಂದೆ ಬರುವಷ್ಟರಲ್ಲಿ ಹುಡುಗಿ ಬಂದೇಬಿಟ್ಟಳು.

ಅವಳ ಎರಡೂ ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರ ತುಂಬ ಹೊಗೆಯಾಡುವ ಕಾಫಿ ಲೋಟಗಳು. ಹೊಸಿಲ ಬಳಿ ನಿಂತಳು. ಒನಕೆ ನೋಡಿದಳು, ತಟ್ಟೆ ನೋಡಿದಳು. ತಟ್ಟೆ ಇಡಲು ಅಲ್ಲಿ ಜಾಗವಿರಲಿಲ್ಲ. ಹನಿ ಚೆಲ್ಲದಂತೆ ಕಾಲೆತ್ತಿ ದಾಟಿ ಬಂದು ಎಲ್ಲರಿಗೂ ಕಾಫಿ ಕೊಟ್ಟಳು. ಆಮೇಲೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಿಂದಕ್ಕೆ ಹೋಗಿ ಒನಕೆಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಮೂಲೆಗೆ ನಿಲ್ಲಿಸಿದಳು. ಸೋದರತ್ತೆ ಅದನ್ನು ನೋಡಲಿಲ್ಲ. ಅವಳು ಆಗಲೇ ಬೇರೆ ಕಡೆ ತಿರುಗಿದ್ದಳು.

ಹೊರಡುವಾಗ ಸೋದರತ್ತೆ ಜಗಲಿಯಲ್ಲಿ ತಮ್ಮನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ಒನಕೆ ದಾಟಿದ್ಲು ಕಣ್ಲಾ. ಇವತ್ತು ಒನಕೆ ದಾಟಿದೋಳು ನಾಳೆ ಮನೇಲಿ ಯಾರಿಗೆ ಬೆಲೆ ಕೊಟ್ಟಾಳು? ಬ್ಯಾಡ."

"ಇಲ್ಲ ಅತ್ತೆ, ಆಮೇಲೆ ಎತ್ತಿಟ್ಲು, ನಾನು ನೋಡಿದೆ" ಎಂದೆ.

"ಆಮ್ಯಾಕೆ ಮಾಡಿದ್ದು ಲೆಕ್ಕಕ್ಕಿಲ್ಲ ಕಣವ್ವ."

ತಮ್ಮನ ಮುಖ ನೋಡಿದೆ. ಈಗ ಮಾತಾಡುತ್ತಾನೆ, ಈಗ ಅವನಿಗೆ ಆ ಪೆನ್ಸಿಲ್ ನೆನಪಾಗುತ್ತದೆ ಎಂದು ಕಾದೆ. ಅವನು ನೆಲ ನೋಡುತ್ತ, "ನೀನು ಹೇಳ್ದಂಗೆ ಅತ್ತೆ" ಎಂದ. ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತು ಅವಳ ನಗು ಕೇಳಿದ್ದವನು ಅವಳ ಒಂದು ಹೆಜ್ಜೆಯ ಮೇಲೆ ಅವಳನ್ನು ಬಿಟ್ಟುಕೊಟ್ಟ. ಯಜಮಾನರ ಕಡೆ ತಿರುಗಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದ.

ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅವರು ಕೈ ಮುಗಿದರು. "ಏನಾದ್ರೂ ಕೊರತೆ ಕಂಡಿದ್ರೆ ಹೇಳ್ಬಿಡಿ ಸ್ವಾಮಿ. ನಮ್ಮ ಹುಡುಗಿಗೂ ತಿಳೀಲಿ."

"ಹಂಗೇನಿಲ್ಲ. ತಿಳಿಸ್ತೀವಿ."

ನನ್ನ ಮೈಯಲ್ಲಿ ಬೆಂಕಿ ಹೊತ್ತಿದ ಹಾಗಾಯಿತು. "ನಿಲ್ಲೋ!" ಎಂದೆ. ಗಂಡಸರ ಮುಂದೆ ಅಷ್ಟು ಜೋರಾಗಿ ನಾನು ಅದುವರೆಗೆ ಮಾತಾಡಿರಲಿಲ್ಲ. "ಯಾಕೆ ಬೇಡ ಅಂತ ಹೇಳ್ದೆ ಕಳಿಸಿದ್ರು ಅಂತ ನನ್ನ ಜಗಲೀಲಿ ಕೂತು ಅತ್ತೋನು ನೀನಲ್ವೇನೋ? ಈಗ ನೀನೇ ಹೇಳ್ದೆ ಹೋಗ್ತೀಯಾ?" ಅವನು ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದ. ನಾನೇ ಯಜಮಾನರಿಗೆ ಹೇಳಿದೆ. "ನಿಮ್ಮ ಹುಡುಗಿ ಒನಕೆ ದಾಟಿದ್ಲು ಅಂತ ಯಜಮಾನ್ರೇ. ಬೇರೆ ಯಾವ ಕೊರತೆಯೂ ಇಲ್ಲ. ಹಗ್ಗ ದಾಟ್ಲಿಲ್ಲ ಅಂತ ನನ್ನ ತಮ್ಮನ್ನ ದಂಡಿನೋರು ಬಿಟ್ರು; ಒನಕೆ ದಾಟಿದ್ಲು ಅಂತ ಇವರು ನಿಮ್ಮ ಮಗಳನ್ನ ಬಿಡ್ತಾ ಇದಾರೆ."

ಬಾಗಿಲು ಸರಿಯಿತು. ಹುಡುಗಿ ಹೊರಗೆ ಬಂದಳು. ತಲೆ ತಗ್ಗಿಸಿರಲಿಲ್ಲ, ಕೂಗಲೂ ಇಲ್ಲ. ಪತ್ರಿಕೆ ಓದುವ ದನಿ ಹೀಗೇ ಇರಬೇಕು ಎಂದುಕೊಂಡೆ.

"ಆ ಒನಕೇನ ಬೆಳಿಗ್ಗೆ ನಾನೇ ಮೂಲೇಲಿ ನಿಲ್ಸಿದ್ದೆ. ನಮ್ಮನೇಲಿ ಅದನ್ನ ಯಾರೂ ನೆಲಕ್ಕೆ ಹಾಕಲ್ಲ. ಹೊಸಿಲಿಗೆ ಅಡ್ಡ ಮಲಗಿಸಿದೋರು ಯಾರು?"

ಸೋದರತ್ತೆ ಸೆರಗು ಸರಿಮಾಡಿಕೊಂಡಳು. ಹೊಸಿಲ ಮೇಲೆ ಒನಕೆ ಮಲಗಿಸುವುದು ಅದನ್ನು ದಾಟುವುದಕ್ಕಿಂತ ದೊಡ್ಡ ತಪ್ಪು ಎಂದು ನನಗೆ ಕಲಿಸಿದವಳೇ ಅವಳು. ಯಜಮಾನರು ಅವಳನ್ನು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಮೆಲ್ಲಗೆ, ಮರ್ಯಾದೆಯಿಂದಲೇ, "ನೀವು ತಿಳಿಸೋ ತೊಂದರೆ ತಗೋಬೇಡಿ. ಈ ಸಂಬಂಧ ನಮ್ಗೆ ಬೇಡ" ಎಂದು ಮಗಳನ್ನು ಒಳಗೆ ಕರೆದುಕೊಂಡು ಹೋದರು.

ಬಸ್ಸಿನ ಒಲೆ ಇನ್ನೂ ಬಿಸಿಯಾಗಿರಲಿಲ್ಲ. ಕಂಡಕ್ಟರು ಇದ್ದಿಲ ಒಲೆಯ ಗಾಳಿಚಕ್ರ ತಿರುಗಿಸುತ್ತಿದ್ದ. ಸೋದರತ್ತೆ ಮೊದಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ತಮ್ಮ ನನ್ನ ಹತ್ತಿರ ಬಂದು ನಿಂತ. ಅರಸೀಕೆರೆಯ ಜಗಲಿಯ ಮೇಲೆ ಬೂಟು ಬಿಚ್ಚದೆ ಕೂತ ದಿನದ ಮುಖವೇ ಮತ್ತೆ ಬಂದಿತ್ತು.

"ಬೇಡ ಅಂದುಬಿಟ್ರಲ್ಲ ಅಕ್ಕಾ" ಎಂದ.

"ಅಂದ್ರು. ಈ ಸಲ ಯಾಕೆ ಅಂತ ನನ್ನ ಕೇಳ್ಬೇಡ."

ಅವನು ಕೇಳಲಿಲ್ಲ.